ಇಪ್ಪತ್ತು ದಿನದ ಸೈಟು

ಎರಡು ತಿಂಗಳ ಹಿಂದೆ, ಒಂದು ಬುಧವಾರ ಬೆಳಗ್ಗೆ ಹನ್ನೊಂದೂವರೆಗೆ ನಾನು ಆಸ್ತಿವಂತಳಾದೆ. ಮೂವತ್ತು-ನಲವತ್ತರ ಸೈಟು, ಅದರಲ್ಲೊಂದು ಶೀಟಿನ ಕಟ್ಟಡ, ಮುಂದೆ ಟಾರು ರಸ್ತೆ. ಇಪ್ಪತ್ತು ದಿನ ಆಸ್ತಿವಂತಳಾಗಿಯೇ ಇದ್ದೆ. ಇಪ್ಪತ್ತನೆಯ ದಿನ ಮಧ್ಯಾಹ್ನ ಅದು ಕೈಬಿಟ್ಟು ಹೋಯಿತು.

ಅವತ್ತು ವಾಪಸ್ ಬರುವಾಗ ಬಸ್ಸಿನಲ್ಲಿ ಎಷ್ಟು ಗಾಢವಾಗಿ ನಿದ್ದೆ ಮಾಡಿದೆನೆಂದರೆ, ನಮ್ಮೂರು ದುರ್ಗದ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಬಂದು ಎಬ್ಬಿಸಬೇಕಾಯಿತು.

ಸೈಟು ಕಳೆದುಕೊಂಡವರು ಹೀಗೆ ನಿದ್ದೆ ಮಾಡುತ್ತಾರಾ? ಮಾಡುತ್ತಾರೆ. ಹೇಗೆ ಅಂತ ಹೇಳುತ್ತೇನೆ.

ನಮ್ಮದು ಬಾಡಿಗೆ ಮನೆ ಎನ್ನುವುದು ಈ ಅಂಕಣ ಓದುವವರಿಗೆಲ್ಲ ಗೊತ್ತು. ಇಪ್ಪತ್ತೆರಡು ವರ್ಷ, ಏಳು ಮನೆ. ಗೋಡೆಗೆ ಮೊಳೆ ಹೊಡೆಯಬಾರದು ಎನ್ನುವ ಓನರುಗಳ ಬಗ್ಗೆ ಬರೆದಾಗ ನಿಮ್ಮಲ್ಲಿ ಎಷ್ಟೋ ಜನ 'ನಮ್ಮದೂ ಅದೇ ಕತೆ ಮೇಡಂ' ಎಂದು ಪತ್ರ ಬರೆದಿದ್ದಿರಿ. ನಾನು ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ನಮ್ಮ ಯಜಮಾನರು ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್. ಕುರಿ, ಎಮ್ಮೆಗಳಿಗೆ ಸೂಜಿ ಚುಚ್ಚುತ್ತಾ ಜಿಲ್ಲೆಯನ್ನೆಲ್ಲ ಸುತ್ತಿದ್ದಾರೆ. ಎಲ್ಲೆಲ್ಲಿ ಯಾರ ಸೈಟಿದೆ, ಎಷ್ಟಕ್ಕೆ ಹೋಯಿತು ಎಂದು ಬಾಯಿಪಾಠ ಹೇಳುತ್ತಾರೆ. ತಮ್ಮದು ಮಾತ್ರ ಒಂದೂ ಇಲ್ಲ.

ಹೋದ ವರ್ಷ ಭರಮಸಾಗರದ ತವರಿನ ಜಮೀನಿನಲ್ಲಿ ನನ್ನ ಪಾಲು ಅಂತ ಅಣ್ಣ ಸ್ವಲ್ಪ ದುಡ್ಡು ಕೊಟ್ಟ. ದುರ್ಗದಲ್ಲಿ ಆ ದುಡ್ಡಿಗೆ ಸೈಟಿನ ಕಾಂಪೌಂಡು ಬರುತ್ತದೆ, ಸೈಟು ಬರುವುದಿಲ್ಲ. ಹಾಗಿರುವಾಗ ಒಂದು ದಿನ ಯಜಮಾನರು ಫೋನ್ ಹಿಡಿದುಕೊಂಡು ಬಂದರು. ಅವರಿಗೆ ಆಗ ಡ್ಯೂಟಿ ದುರ್ಗದಿಂದ ಬಸ್ಸಿನಲ್ಲಿ ಒಂದು ಗಂಟೆ ದೂರದ ಊರಿನಲ್ಲಿ. (ಊರಿನ ಹೆಸರು ಬೇಡ. ಅಲ್ಲಿಯ ಕಚೇರಿಯವರು ಈಗ ನನಗೆ ನಮಸ್ಕಾರ ಹೇಳುತ್ತಾರೆ.) ಅಲ್ಲಿನ ಪುರಸಭೆಯ ನೋಟಿಸ್ ಬೋರ್ಡಿನ ಫೋಟೋ ತೆಗೆದುಕೊಂಡು ಬಂದಿದ್ದರು. ಕಂದಾಯ ಬಾಕಿಗಾಗಿ ಜಪ್ತಿ ಮಾಡಿದ ಸ್ವತ್ತುಗಳ ಬಹಿರಂಗ ಹರಾಜು.

'ನೋಡೇ, ಮೂರನೇದು. ಮುನ್ನೂರ ಹದಿನಾರನೇ ನಂಬರ್. ಬಸ್ ಸ್ಟ್ಯಾಂಡಿಂದ ನಡೆಯಾ ದೂರ ಐತೆ' ಎಂದರು.

ನಂಬರಿನ ಪಕ್ಕ ಮಾಲೀಕರ ಹೆಸರೂ ಇತ್ತು. ಶಾಂತಮ್ಮ. ಓದಿದೆ. ಆ ಹೆಸರಿಗೆ ಒಂದು ಮುಖ ಇರುತ್ತದೆ ಅಂತ ಆಗ ಹೊಳೆಯಲಿಲ್ಲ.

ಮಾರನೆಯ ದಿನವೇ ಹೋಗಿ ನೋಡಿದೆವು. ಶೀಟಿನ ಕಟ್ಟಡ, ಇಳಿಸಿದ ಷಟರ್, ಬೀಗದ ಮೇಲೆ ಜೇಡರ ಬಲೆ. ಷಟರಿನ ಮೇಲೆ ಟ್ಯೂಷನ್, ಬೋರ್‌ವೆಲ್, ಮೂಲವ್ಯಾಧಿಯ ಪೋಸ್ಟರುಗಳ ನಡುವೆ ಜಪ್ತಿ ನೋಟಿಸು. ಎದುರಿಗೊಂದು ಟೀ ಅಂಗಡಿ.

'ಬಾಗ್ಲು ತೆಗ್ದು ಎರಡು ತಿಂಗಳಾತು ನೋಡ್ರಿ' ಎಂದ ಟೀ ಅಂಗಡಿಯವನು.

ಯಾರದು ಈ ಜಾಗ? ಅವರೆಲ್ಲಿ ಹೋದರು? ಯಾಕೆ ಕಂದಾಯ ಕಟ್ಟಿಲ್ಲ? ಕೇಳಬೇಕಿತ್ತು. ಮಕ್ಕಳಿಗೆ ದಿನಕ್ಕೆ ನೂರು ಪ್ರಶ್ನೆ ಕೇಳುವವಳು ನಾನು. ಅಲ್ಲಿ ಒಂದೂ ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದಲ್ಲ! ಟೀ ಕುಡಿದು, ಚೆನ್ನಾಗಿದೆ ಎಂದು ಹೇಳಿ, ಎದ್ದು ಬಂದೆವು.

ಹರಾಜಿಗೆ ಒಂಬತ್ತು ಜನ ಬಂದಿದ್ದರು. ಪುರಸಭೆಯ ಹಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಹೆಂಗಸು ಅಂತ ಇದ್ದವಳು ನಾನೊಬ್ಬಳೇ. ಮೂರನೆಯ ಸ್ವತ್ತು ಬಂದಾಗ ನಾನು ಕೂಗಿದ ಮೊದಲ ಸವಾಲು ಯಾರಿಗೂ ಕೇಳಿಸದೆ, ಎರಡನೆಯ ಸಲ ಕೂಗಬೇಕಾಯಿತು. ಐವತ್ತು ಮಕ್ಕಳ ಕ್ಲಾಸಿನಲ್ಲಿ ಕೊನೆಯ ಬೆಂಚಿಗೆ ಕೇಳಿಸುವ ಗಂಟಲು! ಬರಬರುತ್ತಾ ಎಲ್ಲರೂ ಬಿಟ್ಟು, ಬಿಳಿ ಅಂಗಿಯ ಬ್ರೋಕರ್ ಒಬ್ಬ ಉಳಿದ. ಅವನು ಕೂಗಿದ, ನಾನು ಕೂಗಿದೆ. ಅವನು ಕೂಗಿದ, ನಾನು ಕೂಗಿದೆ. ಕೊನೆಗೆ ಅವನು ನಕ್ಕು ಕೈ ಕೆಳಗಿಳಿಸಿದ.

'ಒಂದನೇ ಸಾರಿ... ಎರಡನೇ ಸಾರಿ... ಮೂರನೇ ಸಾರಿ.'

ಮಾರ್ಕೆಟ್ ರೇಟಿನ ಅರ್ಧಕ್ಕಿಂತ ಒಂಚೂರು ಮೇಲೆ. ಕಾಲುಭಾಗ ಅಲ್ಲೇ ಕಟ್ಟಬೇಕು. ಮೂವತ್ತು ದಿನದಲ್ಲಿ ಯಾರ ಆಕ್ಷೇಪಣೆಯೂ ಬರದಿದ್ದರೆ ಹರಾಜು ಮಂಜೂರು, ಉಳಿದದ್ದು ಕಟ್ಟಿದರೆ ಸೈಟು ನಮ್ಮದು. ಕಾಲುಭಾಗ ಕಟ್ಟಿ ಹೊರಗೆ ಬಂದಾಗ ಬ್ರೋಕರ್ ಬೈಕಿನ ಹತ್ತಿರ ನಿಂತಿದ್ದ.

'ಒಳ್ಳೆ ಜಾಗ ಹೊಡ್ದ್ರಿ ಮೇಡಂ. ಯಾರಾರ ಬಂದು ಕಣ್ಣೀರು ಹಾಕಿದ್ರೆ ಮಾತ್ರ ಕರಗಬ್ಯಾಡ್ರಿ' ಎಂದ.

ನಾನು ನಕ್ಕೆ. ಸ್ಟಾಫ್ ರೂಮಿಗೆ ಪೇಡ ಹಂಚಿದೆ. ಹತ್ತು ದಿನ ಮನೆಯಲ್ಲಿ ಒಂದೇ ಮಾತು. ಅಡಿಗೆಮನೆ ಪೂರ್ವಕ್ಕೋ, ಆಗ್ನೇಯಕ್ಕೋ? ಹಿತ್ತಲಿಗೆ ನುಗ್ಗೆಗಿಡವೋ, ಕರಿಬೇವೋ? ಯಜಮಾನರು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಪ್ಲಾನ್ ಬರೆದು ಗೋಡೆಗೆ ಅಂಟಿಸಿದರು. ಅವರ ಪ್ಲಾನಿನಲ್ಲಿ ಹಾಲು ಎಷ್ಟು ದೊಡ್ಡದಿತ್ತೆಂದರೆ ನಾಲ್ಕು ಎಮ್ಮೆ ಕಟ್ಟಬಹುದಿತ್ತು.

ಹನ್ನೊಂದನೆಯ ದಿನ ಭಾನುವಾರ. ಟೇಪು ಹಿಡಿದುಕೊಂಡು ಅಳತೆಗೆ ಹೋದೆವು.

ಷಟರ್ ತೆಗೆದಿತ್ತು.

ಒಳಗೆ ಹಿಟ್ಟಿನ ಗಿರಣಿ ಓಡುತ್ತಿತ್ತು. ಹೊರಗೆ ಕಟ್ಟೆಯ ಮೇಲೆ ಡಬ್ಬಿಗಳ ಸಾಲು, ಡಬ್ಬಿಗಳ ಪಕ್ಕ ಹೆಂಗಸರ ಸಾಲು. ಬಿಸಿ ರಾಗಿಹಿಟ್ಟಿನ ವಾಸನೆ ರಸ್ತೆಗೆಲ್ಲ ಹರಡಿತ್ತು. ಗಿರಣಿಯ ಮುಂದೆ ಐವತ್ತರ ಆಸುಪಾಸಿನ ಹೆಂಗಸೊಬ್ಬರು ತಲೆಗೆ ಟವೆಲ್ ಕಟ್ಟಿಕೊಂಡು ನಿಂತಿದ್ದರು. ಹುಬ್ಬು, ರೆಪ್ಪೆ ಎಲ್ಲ ಹಿಟ್ಟಿನಿಂದ ಬೆಳ್ಳಗಾಗಿದ್ದವು.

'ಬರ್ರಿ ಅಕ್ಕಾರೆ. ಡಬ್ಬಿ ಎಲ್ರಿ?' ಎಂದು ಗಿರಣಿಯ ಸದ್ದಿನ ಮೇಲೆ ಕೂಗಿ ಕೇಳಿದರು.

ನನ್ನ ಕೈಯಲ್ಲಿ ಡಬ್ಬಿ ಇರಲಿಲ್ಲ. ಟೇಪಿತ್ತು. ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ಯಜಮಾನರು ಕೇಳಿದರು: 'ಈ ಗಿರಣಿ ಯಾರ್ದಮ್ಮ?'

'ನಂದೇ ರೀ. ನಮ್ಮನೆಯೋರು ಹಾಕಿದ್ದು. ಅವ್ರು ಹೋದ್ಮ್ಯಾಲೆ ನಾನೇ ನಡೆಸ್ಕಂಡು ಹೊಂಟೀನಿ. ರಾಮಗಿರಿಗೆ ಕೊಟ್ಟಿರೋ ಮಗಳಿಗೆ ಅವಳಿ-ಜವಳಿ ಹುಟ್ಟಿದ್ವು. ಅಲ್ಲೇ ಮೂರು ತಿಂಗಳು ಕುಂತೆ. ಶುಕ್ರವಾರ ಬಂದೆ ನೋಡ್ರಿ.'

'ಜಾಗ ಬಾಡಿಗೇದಾ?'

'ಸ್ವಂತದ್ದು! ವರ್ಷಾ ವರ್ಷಾ ಕಂದಾಯ ಕಟ್ಟೀನಿ' ಎಂದರು. ಆ ಮಾತಿನಲ್ಲಿ ಹೆಮ್ಮೆ ಇತ್ತು.

ನಾನು ಮೇಲೆ ನೋಡಿದೆ. ಸುರುಳಿ ಸುತ್ತಿಕೊಂಡ ಷಟರಿನ ಒಳಗೆ ಜಪ್ತಿ ನೋಟಿಸಿನ ಒಂದು ತುದಿ ಕಾಣುತ್ತಿತ್ತು. ಷಟರ್ ಎತ್ತುವಾಗ ಅದೂ ಪೋಸ್ಟರುಗಳ ಜೊತೆ ಸುತ್ತಿಕೊಂಡು ಮೇಲೆ ಹೋಗುತ್ತದೆ. ಪೋಸ್ಟರುಗಳನ್ನು ಯಾರು ಓದುತ್ತಾರೆ? ನೀವು ಓದುತ್ತೀರಾ?

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. 'ಸುಮ್ನೆ ಈ ಕಡೆ ಬಂದಿದ್ವಿ' ಎಂದು ವಾಪಸ್ ಬಸ್ ಹತ್ತಿದೆವು. ಈ ವಾಕ್ಯ ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆದಿದ್ದೇನೆ.

ಅರ್ಧ ದಾರಿಯಲ್ಲಿ ಯಜಮಾನರೇ ಶುರುಮಾಡಿದರು.

'ಕಾನೂನು ಪ್ರಕಾರ ತಗಂಡೀವಿ. ಕದ್ದಿಲ್ಲ.'

'ಕದ್ದಿದೀವಿ ಅಂತ ನಾನೆಲ್ಲಿ ಅಂದೆ?'

'ಕಟ್ಟೀನಿ ಅಂತ ಎಲ್ಲಾರೂ ಅಂತಾರೆ ಕಣೇ.'

'ಹೌದು, ಎಲ್ಲಾರೂ ಅಂತಾರೆ.'

ಇಬ್ಬರೂ ಒಂದೇ ಮಾತು ಹೇಳುತ್ತಿದ್ದೆವು. ಇಬ್ಬರಿಗೂ ಸಮಾಧಾನ ಇರಲಿಲ್ಲ. ಸೋಮವಾರ ಸ್ಕೂಲಿನಲ್ಲಿ ಸಹೋದ್ಯೋಗಿಯೊಬ್ಬರು 'ಗುದ್ದಲಿ ಪೂಜೆ ಯಾವಾಗ ಮೇಡಂ?' ಎಂದು ಕೇಳಿದರು. ತಲೆನೋವು ಅಂತ ಹೇಳಿ ಲೈಬ್ರರಿಗೆ ಹೋಗಿ ಕೂತೆ. ಊಟದ ಡಬ್ಬಿ ಬಿಚ್ಚಿದರೆ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ. ಯಾವ ಗಿರಣಿಯ ಹಿಟ್ಟೋ ಏನೋ! ಕಣ್ಣೆದುರು ಬರೀ ಆ ಬಿಳಿ ಹುಬ್ಬು.

ಮಂಗಳವಾರ ಸಂಜೆ ಟೀ ಕುಡಿಯುವಾಗ ಯಜಮಾನರೇ ಹೇಳಿದರು: 'ಹೋಗಿ ಕೇಳು. ರಸೀದಿ ಇಲ್ಲ ಅಂದ್ರೆ ಮನೆ ಕಟ್ಟಾಣ. ಐತೆ ಅಂದ್ರೆ...' ಎಂದು ನಿಲ್ಲಿಸಿ, ಲೋಟದಲ್ಲಿ ಉಳಿದ ಟೀಯನ್ನು ಒಂದೇ ಗುಟುಕಿಗೆ ಕುಡಿದು ಎದ್ದರು. 'ಐತೆ ಅಂದ್ರೆ ಇನ್ನೇನೈತೆ, ಬಿಡಾಣ.'

ಬುಧವಾರ ರಜೆ ಹಾಕಿ ಹೊರಟೆ. ಐದು ಸೇರು ರಾಗಿ ತುಂಬಿದ ಡಬ್ಬಿ ಹೊತ್ತುಕೊಂಡು! ಬರಿಗೈಲಿ ಹೋಗಲು ಧೈರ್ಯ ಇರಲಿಲ್ಲ, ಅದಕ್ಕೆ. ರಾಗಿ ಬೀಸಿಸಲು ದುರ್ಗದಿಂದ ಒಂದು ಗಂಟೆ ಬಸ್ಸಿನಲ್ಲಿ ಹೋದ ಮೊದಲ ಹೆಂಗಸು ನಾನೇ ಇರಬೇಕು.

ಸಾಲಿನಲ್ಲಿ ಕೂತೆ. ನನ್ನ ಸರದಿ ಬಂತು. ಶಾಂತಮ್ಮ ರಾಗಿ ಸುರಿದರು, ಬೀಸಿದರು, ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿ 'ನುಣ್ಣಗೈತೆ, ಮುದ್ದೆಗೆ ಬೆಣ್ಣೆ ಆಗ್ತೈತೆ' ಎಂದರು. ಉಳಿದವರೆಲ್ಲ ಹೋಗುವ ತನಕ ಕಾದು, ಹೇಳಿದೆ. ಈ ಜಾಗ ಹರಾಜಾಗಿದೆ. ಕಂದಾಯ ಬಾಕಿ ಅಂತ. ಕೂಗಿದವಳು ನಾನೇ.

ಅವರು ಗಿರಣಿ ಆಫ್ ಮಾಡಿದರು. ಬೆಲ್ಟು ತಿರುಗಿ ತಿರುಗಿ ನಿಂತಿತು. ಅಷ್ಟು ಹೊತ್ತಿನ ಗದ್ದಲ ಹೋಗಿ ಕಿವಿ ಗುಂಯ್ ಎಂದಿತು.

ಅಳುತ್ತಾರೆ ಅಂದುಕೊಂಡೆ. ಅಳಲಿಲ್ಲ. ಬಯ್ಯುತ್ತಾರೆ ಅಂದುಕೊಂಡೆ. ಬಯ್ಯಲೂ ಇಲ್ಲ. 'ಭಾನುವಾರ ಬಂದಿದ್ರಲ್ಲ, ಆವತ್ತೇ ಗೊತ್ತಿತ್ತಾ?' ಎಂದರು.

'ಗೊತ್ತಿತ್ತು.'

'ಮತ್ತೆ ಯಾಕೆ ಹೇಳ್ಲಿಲ್ಲ?'

ಮೂವತ್ತು ವರ್ಷ ಪಾಠ ಮಾಡಿದ್ದೇನೆ. ಹೋಂವರ್ಕ್ ಮಾಡದೆ ಬಂದ ಮಕ್ಕಳ ಹಾಗೆ ತಲೆ ತಗ್ಗಿಸಿ ನಿಂತೆ. ಶಾಂತಮ್ಮ 'ಕುಂತ್ಕಳ್ರಿ' ಎಂದು ಒಂದು ಖಾಲಿ ಚೀಲ ಹಾಸಿ, ಒಳಗೆ ಹೋಗಿ ಪ್ಲಾಸ್ಟಿಕ್ ಕವರ್ ತಂದರು. ಅದರ ತುಂಬ ರಸೀದಿ. ಒಂದು ವರ್ಷವೂ ತಪ್ಪಿಲ್ಲ.

ಮೊದಲಿನವು ಕೈಬರಹದವು. ಆಮೇಲಿನ ಒಂಬತ್ತು ಕಂಪ್ಯೂಟರಿನವು. ಎಲ್ಲದರಲ್ಲೂ ದುಡ್ಡು ಕಟ್ಟಿದವರು ಶಾಂತಮ್ಮ. ಹಾಗಾದರೆ ಬಾಕಿ ಎಲ್ಲಿಂದ ಬಂತು?

ಎರಡು ಬಗೆಯ ರಸೀದಿಯನ್ನೂ ಅಕ್ಕಪಕ್ಕ ಇಟ್ಟುಕೊಂಡೆ. ಕಂಪ್ಯೂಟರ್ ರಸೀದಿಯಲ್ಲಿ ಸ್ವತ್ತಿನ ನಂಬರ್ 319. ಕೈಬರಹದ್ದರಲ್ಲಿ ಕನ್ನಡ ಅಂಕಿ: ೩೧೬.

ಕನ್ನಡದ ಆರು ಮತ್ತು ಒಂಬತ್ತು ನಿಮಗೆ ನೆನಪಿದೆಯಾ? ೬, ೯. ಬಾಲ ಎತ್ತ ತಿರುಗಿದೆ ಎನ್ನುವುದೊಂದೇ ವ್ಯತ್ಯಾಸ. ನನ್ನ ಕ್ಲಾಸಿನಲ್ಲಿ ಪ್ರತಿವರ್ಷ ಅರ್ಧ ಮಕ್ಕಳು ತಪ್ಪು ಬರೆಯುತ್ತಾರೆ. (ಇನ್ನರ್ಧ ಮಕ್ಕಳು ಪಕ್ಕದವರನ್ನು ನೋಡಿ ತಪ್ಪು ಬರೆಯುತ್ತಾರೆ.) ಕಂಪ್ಯೂಟರ್ ಬಂದ ವರ್ಷ ಯಾರೋ ಆರನ್ನು ಒಂಬತ್ತು ಎಂದು ಓದಿದ್ದಾರೆ. ಅಲ್ಲಿಂದ ಒಂಬತ್ತು ವರ್ಷ ಶಾಂತಮ್ಮ ಕಟ್ಟಿದ್ದೆಲ್ಲ ಮುನ್ನೂರ ಹತ್ತೊಂಬತ್ತಕ್ಕೆ ಜಮೆ. ಮುನ್ನೂರ ಹದಿನಾರು ಬಾಕಿ, ಬಾಕಿ, ಬಾಕಿ.

'ನೋಟಿಸು ಬಂದಿರಲಿಲ್ವಾ?' ಎಂದೆ.

'ಒಂದು ಸಾರಿ ಬಂದಿತ್ತು. ರಸೀದಿ ತಗಂಡು ಹೋಗಿ ತೋರಿಸಿದೆ. ಕಟ್ಟೀಯಲ್ಲಮ್ಮ, ಹೋಗು ಅಂದ್ರು. ಬಂದೆ.'

ಮುನ್ನೂರ ಹತ್ತೊಂಬತ್ತು ಯಾರದು? ಅದೇ ರಸ್ತೆಯ ತುದಿಯ ಮಹಡಿ ಮನೆ. ಇಬ್ಬರದೂ ಒಂದೇ ಅಳತೆಯ ಸೈಟು, ಮೊದಲಿಗೆ ಕಂದಾಯವೂ ಹೆಚ್ಚುಕಮ್ಮಿ ಒಂದೇ. ಒಂಬತ್ತು ವರ್ಷ ಆ ಮನೆಯವರನ್ನು ಯಾರೂ ಕಂದಾಯ ಕೇಳಿಲ್ಲ. ಅವರೂ ಯಾಕೆ ಕೇಳುತ್ತಿಲ್ಲ ಎಂದು ಯಾರನ್ನೂ ಕೇಳಿಲ್ಲ. ಮನಸ್ಸಿನಲ್ಲೇ ಅವರನ್ನು ಬಯ್ಯಲು ಹೊರಟೆ. ಆದರೆ ಆ ಟೀ ಅಂಗಡಿಯಲ್ಲಿ ಬಾಯಿ ಮುಚ್ಚಿಕೊಂಡು ಟೀ ಕುಡಿದವಳು ಯಾರು?

ಇಬ್ಬರೂ ಪುರಸಭೆಗೆ ನಡೆದೆವು. ಶಾಂತಮ್ಮ ತಲೆಯ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡಿದ್ದರು. ಆದರೂ ಕಿವಿಯ ಹಿಂದೆ ಹಿಟ್ಟಿತ್ತು. ಕಂದಾಯ ವಿಭಾಗದ ಗುಮಾಸ್ತರು ವಯಸ್ಸಾದವರು, ಸಮಾಧಾನದ ಮನುಷ್ಯ. ಎಲ್ಲ ಕೇಳಿ, ಕನ್ನಡಕ ತೆಗೆದರು.

'ಆಕ್ಷೇಪಣೆ ಈಯಮ್ಮ ಕೊಡ್ಲಿ. ನೀವ್ಯಾಕೆ ಬಂದ್ರಿ ಮೇಡಂ?'

'ನಾನೂ ಬರೆದು ಕೊಡ್ತೀನಿ. ನಂಗೆ ಸೈಟು ಬೇಡ ಅಂತ.'

'ಬರೀಬ್ಯಾಡ್ರಿ!' ಎಂದು ಪೆನ್ನನ್ನೇ ಕಿತ್ತುಕೊಂಡರು. 'ನೀವಾಗೇ ಬ್ಯಾಡ ಅಂದ್ರೆ ಕಟ್ಟಿದ ಕಾಲುಭಾಗ ಮುಟ್ಟುಗೋಲು ಆಗ್ತೈತೆ. ಇವ್ರ ರಸೀದಿ ಒಂದೇ ಸಾಲದು. ಅದು ಮುನ್ನೂರ ಹತ್ತೊಂಬತ್ತಕ್ಕೇ ಕಟ್ಟಿದ್ದು ಅಂದ್ಬಿಡ್ತಾರೆ. ತಪ್ಪು ಆಫೀಸಿಂದು ಅಂತ ಸಾಬೀತಾಗ್ಬೇಕು. ಕಂಪ್ಯೂಟರ್ ಬಂದ ವರ್ಷದ ವಸೂಲಿ ವಹಿ ಸಿಗ್ಬೇಕು. ಸಿಕ್ರೆ ಇವ್ರ ಗಿರಣಿನೂ ಉಳೀತು, ನಿಮ್ಮ ದುಡ್ಡೂ ಉಳೀತು.'

'ಸಿಗದಿದ್ರೆ?'

ಅವರು ಮತ್ತೆ ಕನ್ನಡಕ ಹಾಕಿಕೊಂಡರು. 'ಗೋಡೌನ್ನಾಗೆ ಹುಡುಕಾಣ. ಮಂಗಳವಾರ ಬರ್ರಿ.'

ಆ ಆರು ದಿನ ಹೇಗೆ ಕಳೆದೆನೋ ನನಗೇ ಗೊತ್ತು. ವಹಿ ಸಿಗದಿದ್ದರೆ? ಶಾಂತಮ್ಮನ ಗಿರಣಿಯ ಮೇಲೆ ನಾನು ಮನೆ ಕಟ್ಟಬೇಕು. ಬೇಡ ಎಂದರೆ ತವರಿನ ದುಡ್ಡಿನ ಕಾಲುಭಾಗ ಗೋವಿಂದ. ಅಷ್ಟೇ ಅಲ್ಲ, ನಾನು ಬಿಟ್ಟರೂ ಅದು ಮತ್ತೆ ಹರಾಜಿಗೆ ಬರುತ್ತದೆ. ಬಿಳಿ ಅಂಗಿಯವನು ತಗೊಳ್ಳುತ್ತಾನೆ. ಅವನು ಡಬ್ಬಿಯಲ್ಲಿ ರಾಗಿ ಹೊತ್ತುಕೊಂಡು ಬರುತ್ತಾನಾ?

ಶುಕ್ರವಾರ ಶಾಂತಮ್ಮ ಫೋನ್ ಮಾಡಿದರು. 'ಮೇಡಮ್ಮಾರೆ, ಏನಾರ ಆಗ್ಲಿ, ನೀವು ಬಂದು ಹೇಳಿದ್ರಲ್ಲ. ಊಟ ಮಾಡ್ರಿ.' ನನಗೆ ಊಟ ಸೇರುತ್ತಿಲ್ಲ ಎಂದು ಅವರಿಗೆ ಹೇಗೆ ಗೊತ್ತಾಯಿತೋ! ಬಹುಶಃ ಅವರಿಗೂ ಸೇರುತ್ತಿರಲಿಲ್ಲ.

ಮಂಗಳವಾರ ಯಜಮಾನರೂ ಬಂದರು. ಮುಖ್ಯಾಧಿಕಾರಿಗಳ ಚೇಂಬರ್. ಮೇಜಿನ ಮೇಲೆ ಕೆಂಪು ಬಟ್ಟೆಯಲ್ಲಿ ಕಟ್ಟಿದ ಗಂಟು. ಅದರ ಒಂದು ಮೂಲೆಯನ್ನು ಇಲಿ ತಿಂದಿತ್ತು. ಗುಮಾಸ್ತರ ಅಂಗಿಯ ತುಂಬ ಧೂಳು.

'ಸಿಕ್ತು' ಎಂದರು. ನಾಲ್ಕು ದಿನ ಹುಡುಕಿದ್ದರಂತೆ.

ಗಂಟು ಬಿಚ್ಚಿದರು. ಹಾಳೆ ತಿರುಗಿಸಿದರು. ನನ್ನ ಕಣ್ಣೆಲ್ಲ ಇಲಿ ತಿಂದ ಮೂಲೆಯ ಮೇಲೆ. ಪುಟ ಬಂತು. ಇಲಿ ಎರಡು ಸಾಲು ಮೇಲಕ್ಕೇ ನಿಂತಿತ್ತು. ಶಾಂತಮ್ಮನ ಹೆಸರು, ಎದುರಿಗೆ ನೀಲಿ ಶಾಯಿಯಲ್ಲಿ ೩೧೬. ಅದರ ಪಕ್ಕ, ಕಂಪ್ಯೂಟರಿಗೆ ಹತ್ತಿಸುವಾಗ ಯಾರೋ ಪೆನ್ಸಿಲಿನಲ್ಲಿ ಬರೆದುಕೊಂಡದ್ದು: 319.

ಖಾತೆಗಳ ಪಟ್ಟಿ ಟೈಪ್ ಮಾಡಿದವರು ಒಬ್ಬರಂತೆ, ದುಡ್ಡು ಕಟ್ಟಿದ ವಹಿ ಟೈಪ್ ಮಾಡಿದವರು ಇನ್ನೊಬ್ಬರಂತೆ. ಮೊದಲಿನವರಿಗೆ ಆರು ಆರಾಗಿಯೇ ಕಂಡಿದೆ. ಎರಡನೆಯವರಿಗೆ ಒಂಬತ್ತಾಗಿ ಕಂಡಿದೆ.

ಮುಖ್ಯಾಧಿಕಾರಿಗಳು ಚಿಕ್ಕ ವಯಸ್ಸಿನವರು. ವಹಿಯನ್ನು ಹತ್ತಿರ ಎಳೆದುಕೊಂಡು ಬಹಳ ಹೊತ್ತು ನೋಡಿದರು. 'ಮೇಡಂ, ಇದು ಆರೇ ಅಂತ ಗ್ಯಾರಂಟಿನಾ?' ಎಂದು ನನ್ನನ್ನು ಕೇಳಿದರು. ಕಾಗದ ತೆಗೆದುಕೊಂಡು ಎರಡನ್ನೂ ದೊಡ್ಡದಾಗಿ ಬರೆದು ತೋರಿಸಿದೆ. ಆಮೇಲೆ ಅವರೇ ವಹಿಯಲ್ಲಿ ಬೆರಳಿಟ್ಟು ಓದಿದರು. ಮೇಲಿನ ಸಾಲು ಮುನ್ನೂರ ಹದಿನೈದು. ಕೆಳಗಿನ ಸಾಲು ಮುನ್ನೂರ ಹದಿನೇಳು.

'ಹದಿನಾರೇ ಆಗ್ಬೇಕು' ಎಂದು ನಕ್ಕುಬಿಟ್ಟರು. 'ನಿಜ ಹೇಳ್ತೀನಿ, ನಂಗೂ ಕನ್ಫ್ಯೂಸ್ ಆಗ್ತಿತ್ತು.'

ಹರಾಜು ರದ್ದು. ಶಾಂತಮ್ಮ ಕಟ್ಟಿದ್ದೆಲ್ಲ ಅವರ ನಂಬರಿಗೆ ವರ್ಗ. ನಮ್ಮ ಕಾಲುಭಾಗ ವಾಪಸ್. ಮಹಡಿ ಮನೆಯವರಿಗೆ ಒಂಬತ್ತು ವರ್ಷದ ನೋಟಿಸು. ಇಷ್ಟಕ್ಕೂ ಅವರು ತೆಗೆದುಕೊಂಡ ಸಮಯ ಇಪ್ಪತ್ತು ನಿಮಿಷ.

ಹೊರಗೆ ಬಂದ ಮೇಲೆ ಶಾಂತಮ್ಮ ಪುರಸಭೆಯ ಮೆಟ್ಟಿಲ ಮೇಲೆ ಕೂತುಬಿಟ್ಟರು. ಆಗ ಅತ್ತರು. ಬ್ರೋಕರ್ ಹೇಳಿದ್ದು ನಿಜವಾಯಿತು, ನಾನು ಕರಗಿದೆ. ಅವರ ಪಕ್ಕದಲ್ಲೇ ಕೂತು ನಾನೂ ಅತ್ತೆ. ಯಜಮಾನರು ಏನು ಮಾಡುವುದೆಂದು ತಿಳಿಯದೆ ಮೂರು ಎಳನೀರು ತಂದರು.

ದುಡ್ಡು ವಾಪಸ್ ಬಂದಿದೆ. ನಾವಿನ್ನೂ ಏಳನೆಯ ಮನೆಯಲ್ಲೇ ಇದ್ದೇವೆ. ಪೂರ್ತಿ ಬೇಜಾರಿಲ್ಲ ಎಂದರೆ ಸುಳ್ಳಾದೀತು. ಯಜಮಾನರು ಮೊನ್ನೆ ಆ ಕ್ಯಾಲೆಂಡರನ್ನು ಗೋಡೆಯಿಂದ ತೆಗೆದು, ಮಡಿಸಿ, ಎಸೆಯದೆ ಬೀರುವಿನಲ್ಲಿ ಇಟ್ಟರು. ನಾನು ನೋಡಿಯೂ ನೋಡದ ಹಾಗೆ ಇದ್ದೆ. ಆದರೆ ರೊಟ್ಟಿ ಗಂಟಲಲ್ಲಿ ಇಳಿಯುತ್ತಿದೆ. ಸ್ಟಾಫ್ ರೂಮಿನಲ್ಲಿ 'ಸೈಟು ಹೋಯ್ತಂತೆ, ಪಾಪ' ಎಂದವರಿಗೆಲ್ಲ ಮತ್ತೊಮ್ಮೆ ಪೇಡ ಕೊಟ್ಟೆ. ತಲೆ ಕೆಟ್ಟಿದೆ ಎಂದುಕೊಂಡೇ ತಿಂದರು.

ಒಬ್ಬ ಹೆಂಗಸು ಒಂದು ವರ್ಷವೂ ತಪ್ಪದೆ ಸಾಲಿನಲ್ಲಿ ನಿಂತು ಕಂದಾಯ ಕಟ್ಟಿ, ರಸೀದಿಯನ್ನು ಇಲಿ ಮುಟ್ಟದ ಹಾಗೆ ಕಾಪಾಡಿ, ಆದರೂ ಗಿರಣಿ ಕಳೆದುಕೊಳ್ಳುವ ಹಂತಕ್ಕೆ ಬಂದಿದ್ದರು. ಅವರು ಮಾಡದೆ ಬಿಟ್ಟದ್ದು ಒಂದೇ. ರಸೀದಿಯ ನಂಬರ್ ಓದಿರಲಿಲ್ಲ. ಈ ಕತೆ ಕೇಳಿದ ದಿನವೇ ನಮ್ಮ ಅಣ್ಣ ತನ್ನ ರಸೀದಿಗಳನ್ನೆಲ್ಲ ತೆಗೆದು ನೋಡಿದನಂತೆ.

ನಿಮ್ಮ ರಸೀದಿಯಲ್ಲಿರುವುದು ಆರೋ, ಒಂಬತ್ತೋ?